ನಾಲ್ಕು ಸೀಮೆಯ ಕರಾರು

ಕಿತ್ತೂರಿನ ಹಿರಿಯರೇ, ಒಬ್ಬ ವೈದ್ಯನ ಕೈಗೆ ಬೀಗ ಹಾಕುವ ಕರಾರುಪತ್ರಕ್ಕೆ ಸಾಕ್ಷಿಯಾಗಿ ಸಹಿ ಮಾಡಿ, ಹೋಳಿಗೆ ಉಂಡು, ಎಲೆ ಅಡಿಕೆ ಮೆಲ್ಲುತ್ತ ಎದ್ದು ಬಂದವರಲ್ಲಿ ನೀವೂ ಒಬ್ಬರಲ್ಲವೇ? ಅದರಲ್ಲಿ ಏನು ಬರೆದಿದೆಯೆಂದು ಆ ದಿನ ನಿಮ್ಮಲ್ಲಿ ಯಾರು ಕೇಳಿದಿರಿ?

ಆ ವೈದ್ಯ ರಘೋತ್ತಮನೂ ಕೇಳಲಿಲ್ಲ. ಬೈಲಹೊಂಗಲದ ಸರಕಾರಿ ಪಶು ದವಾಖಾನೆಯಲ್ಲಿದ್ದಾಗ, ಎತ್ತಿನ ಕೋಡಿನೊಳಗೆ ಬೆಳೆಯುವ ಹುಣ್ಣನ್ನು ಬುಡಸಹಿತ ಕೊಯ್ದು ತೆಗೆಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ೧೯೭೪ರಲ್ಲಿ ಯರಗಟ್ಟಿಯ ಅರಳೆ ಗಿರಣಿಯ ಒಡೆಯ ದಿಗಂಬರರಾಯರು ಮನೆಗೆ ಬಂದರು. "ಜಾಗಾ ನಂದು, ಕಟ್ಟಡಾ ನಂದು, ವಿದ್ಯಾ ನಿಮ್ಮದು. ಭಾಗೀದಾರಿ ಮ್ಯಾಲ ದನದ ಆಪರೇಶನ್ ದವಾಖಾನಿ ತಗಿಯೂಣು" ಎಂದರು. ರಘೋತ್ತಮ ನೌಕರಿಗೆ ರಾಜೀನಾಮೆ ಕೊಟ್ಟನು.

ಸಹಿಯ ದಿನ ರಾಯರು ಕಾಗದದೊಡನೆ ತಡವಾಗಿ ಬಂದರು. ರಾಹುಕಾಲ ಸಮೀಪಿಸಿತ್ತು. ತಾಯಿ ಭಾಗೀರಥಿಬಾಯಿ ದೇವರ ಕೋಣೆಯಿಂದಲೇ ಹೇಳಿದರು: "ಮೊದಲ ಸಹಿ ಮಾಡೋ ರಘು, ಆಮ್ಯಾಲ ಓದಿಕೋ. ಅಕ್ಷರ ಎಲ್ಲಿಗೂ ಓಡಿ ಹೋಗೂದಿಲ್ಲ, ವ್ಯಾಳ್ಯಾ ಓಡತದ."

ತಲೆಮಾರುಗಳಿಂದ ಊರಿಗೆ ಶಾಸ್ತ್ರ ಓದಿ ಅರ್ಥ ಹೇಳಿದ ಮನೆತನದ ಮಗ ತನ್ನ ಬಾಳಿನ ಕಾಗದವನ್ನು ಓದದೆ ಸಹಿ ಮಾಡಿದನು. ಊಟದ ನಂತರ ಓದಿದಾಗ ಬಾಯಿಯ ಸಿಹಿ ಕಹಿಯಾಯಿತು. ಭಾಗೀದಾರನಾಗಿರುವವರೆಗೆ ರಾಯರ ಒಪ್ಪಿಗೆಯಿಲ್ಲದೆ ಯಾವ ಪ್ರಾಣಿಗೂ ಶಸ್ತ್ರ ಮುಟ್ಟಿಸಕೂಡದು. ಬಿಟ್ಟು ಹೋದರೆ ಹತ್ತು ವರ್ಷ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ವೃತ್ತಿ ಮಾಡಕೂಡದು.

ಸವದತ್ತಿಯಲ್ಲಿ ವಕೀಲಿ ಮಾಡುತ್ತಿದ್ದ ಚಿಕ್ಕಪ್ಪ ಕೃಷ್ಣಾಜಿ ಕಾಗದವನ್ನು ಎರಡು ಸಲ ಓದಿದರು.

"ಕೋರ್ಟಿನಾಗ ಹೊಡದಾಡಬಹುದು. ಆದರ ಅವರು ಮೊದಲ ತಡೆಯಾಜ್ಞಾ ತರತಾರ. ತೀರ್ಪು ನಿನ್ನ ಕಡೆ ಆಗೂದರಾಗ ನಿನ್ನ ಕೈ ನಡಗಲಿಕ್ಕೆ ಹತ್ತಿರತಾವ."

"ಸರಕಾರಿ ನೌಕರಿಗೆ ತಿರುಗಿ ಹೋಗಲೇನು ಕಾಕಾ?"

"ಆ ಬಾಗಲಾ ನೀನ ಹಾಕ್ಕೊಂಡು ಬಂದೀಯಲ್ಲೋ."

ಹೀಗೆ ಅವನು ಯರಗಟ್ಟಿಯಲ್ಲಿಯೇ ಉಳಿದನು. ಶ್ರೀಮಂತರು ಶರ್ಯತ್ತಿನಲ್ಲಿ ಓಡಿಸುವ ಹೋರಿಗಳಿಗೆ ಒಪ್ಪಿಗೆ ಬೇಗ ಸಿಗುತ್ತಿತ್ತು. ಹೊಲದ ಎತ್ತುಗಳು ಬಾಗಿಲಿನಿಂದಲೇ ಹಿಂದಿರುಗುತ್ತಿದ್ದವು.

ಒಂದು ಮುಂಜಾನೆ ತೊರಗಲ್ಲಿನ ಪದ್ಮವ್ವ ರಾತ್ರಿ ಮುನವಳ್ಳಿಯಲ್ಲಿ ಉಳಿದು, ಎತ್ತನ್ನು ನಡೆಸಿಕೊಂಡು ಬಂದಳು. ಎತ್ತು ತಲೆಯನ್ನು ಒಂದು ಮಗ್ಗುಲಿಗೆ ವಾಲಿಸಿತ್ತು. ಕೋಡು ಬಾಗಿತ್ತು, ಮೂಗಿನಲ್ಲಿ ರಕ್ತ ಇಳಿಯುತ್ತಿತ್ತು. ಇಂದು ಕೊಯ್ದರೆ ಉಳಿಯುವುದು, ತಡವಾದರೆ ಇಲ್ಲವೆಂದು ರಘೋತ್ತಮ ನೋಡಿದೊಡನೆ ತಿಳಿದನು.

ರಾಯರು ಒಪ್ಪಲಿಲ್ಲ. "ಇವತ್ತ ಹೋರಿ ಬರೂದದ ಡಾಕ್ಟರ್ರ. ಹೊಲದಾಗ ರಂಟಿ ಹೊಡಿಯೂ ಎತ್ತಿಗೆ ಸರಕಾರಿ ದವಾಖಾನಿ ಅದ."

"ಅಲ್ಲೆ ಈ ಕೆಲಸಾ ಮಾಡಾಂವ ನಾ ಒಬ್ಬನ ಇದ್ದೆ, ರಾಯರ."

"ಹೌದಲ್ರಿ, ಅದಕ್ಕ ನಿಮ್ಮನ್ನ ಕರಕೊಂಡು ಬಂದೀನಿ."

ರಘೋತ್ತಮ ಶಸ್ತ್ರದ ಪೆಟ್ಟಿಗೆಯನ್ನೆತ್ತಿಕೊಂಡು ಅಂಗಳದ ಬೇವಿನ ಮರದತ್ತ ನಡೆದನು. ರಾಯರು ಅಡ್ಡ ಬರಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಮಾಡ್ರಿ. ಕರಾರು ಮುರೀತು ಅಂತ ನಾಳಿಗೆ ಕೋರ್ಟಿಗೆ ಹೋಗತೇನಿ. ಹೋರಿನೂ ಇಲ್ಲ, ಎತ್ತೂ ಇಲ್ಲ. ಇದೊಂದನ್ನ ಉಳಿಸಿ ಉಳಿದದ್ದೆಲ್ಲಾ ಬಿಡ್ರಿ."

ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ನಾಲ್ಕು ಸೀಮೆಯ ದನಗಳೆಲ್ಲ ಈ ಒಂದು ಎತ್ತಿನ ಹಿಂದೆ ಸಾಲುಗಟ್ಟಿ ನಿಂತಂತೆ ಅವನಿಗೆ ತೋರಿತು. ಮುಂದೆಂದೋ ರಾಯರ ಮನಸ್ಸು ಕರಗಿ ಅವುಗಳಲ್ಲಿ ಕೆಲವಾದರೂ ಉಳಿದಾವೆಂಬ ಆಸೆಯೇ ಅವನ ಕೈಯನ್ನು ಹಿಡಿಯಿತು. ಅವನು ಮುಚ್ಚಳ ಹಾಕಿದನು.

"ಧಾರವಾಡಕ್ಕ ಒಯ್ಯವ್ವಾ."

"ಅಲ್ಲೀತನಕ ಇದು ನಡೀತೈತೇನ್ರೀ ಸಾಹೇಬ್ರ?"

ಸುಳ್ಳು ನಾಲಗೆಗೆ ಬರಲಿಲ್ಲ. "ಇಲ್ಲ."

ಪದ್ಮವ್ವ ಹಗ್ಗ ಸುತ್ತಿಕೊಂಡಳು. "ಸಣ್ಣ ದವಾಖಾನ್ಯಾಗ ಇದ್ದಾಗ ದೊಡ್ಡ ಡಾಕ್ಟರ್ ಇದ್ರಿ ಬಿಡ್ರಿ" ಎಂದು ಹೇಳಿ ಹೊರಟಳು. ಮುನವಳ್ಳಿಯ ದಾರಿಯಲ್ಲಿ ಎತ್ತು ಮಲಗಿತು, ಏಳಲಿಲ್ಲ. ಆ ಸುದ್ದಿ ಬಂದಾಗ ರಘೋತ್ತಮ ಹೋರಿಯ ಗಾಯಕ್ಕೆ ಹೊಲಿಗೆ ಹಾಕುತ್ತಿದ್ದನು. ಹೊಲಿಗೆ ನೆಟ್ಟಗೆ ಬಿತ್ತು. ತನ್ನ ಕೈ ಇನ್ನೂ ನಡುಗದಿರುವುದಕ್ಕೆ ಅವನು ಹೇಸಿದನು.

ಈಗ ರಾಯರು ಕಿತ್ತೂರಿನಲ್ಲಿ ಎರಡನೆಯ ದವಾಖಾನೆಗಾಗಿ ಪಂಚಾಯತಿಯ ಜಾಗ ಕೇಳಿದ್ದಾರೆ. ಕಣ್ಣಿನ ಶಸ್ತ್ರಕ್ರಿಯೆ ಬಲ್ಲ ತರುಣನೊಬ್ಬನನ್ನು ಕರೆತಂದಿದ್ದಾರೆ. ಅವನಿಗೂ ಇದೇ ಕರಾರು ಸಿದ್ಧವಾಗಿದೆ. ಜಾಗ ಊರಿನದು, ಸಭೆ ನಿಮ್ಮದು. ವೈದ್ಯನ ಕೈ ಕಟ್ಟುವ ಆ ಷರತ್ತುಗಳನ್ನು ಎಲ್ಲರೆದುರಿಗೆ ಹೊಡೆದುಹಾಕುವ ತನಕ, ದಯವಿಟ್ಟು, ಯಾರೂ ಒಪ್ಪಿಗೆ ಕೊಡಬೇಡಿರಿ.