ಕೂಸಿನ ಕಾಯಿ

ನಾನು ಕೊಬ್ಬರಿ ಮಂಡಿಯವರ ಮಗಳು. ತಿಪಟೂರಿನಲ್ಲಿ ನಮ್ಮಪ್ಪ ಸದಾಶಿವಯ್ಯನವರ ಅಂಗಡಿ ಮುಂದೆ ಆಡಿಕೊಂಡು ಬೆಳೆದವಳು. ಒಣಗಾಯಿ ಕೈಗೆ ಸಿಕ್ಕರೆ ಸಾಕು, ತೂಕದಲ್ಲೇ ಹೇಳುತ್ತಿದ್ದೆ: ಒಳಗೆ ಇನ್ನೂ ನೀರಿದೆಯೋ, ಇಲ್ಲ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿದೆಯೋ ಎಂದು. ಈ ಜಾಣತನವೇ ನನ್ನನ್ನು ಕೆಡಿಸಿತು. ದಡ್ಡಿಯಾಗಿದ್ದರೆ ಅತ್ತೆ ಕೊಟ್ಟ ಕಾಯಿಯನ್ನು ಕೊಟ್ಟ ಹಾಗೆಯೇ ಹೊತ್ತುಕೊಂಡು ಹೋಗುತ್ತಿದ್ದೆ.

ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಕಲಿತ ನಮ್ಮ ಯಜಮಾನರು ಬೆಟ್ಟಸ್ವಾಮಿ, ಎಂಬತ್ತೊಂದರಲ್ಲಿ ಮಸ್ಕತ್ತಿನ ಕಡೆ ಅಂಥದೇ ಕೆಲಸಕ್ಕೆ ಹೋದರು. ಅವರು ಹೋದ ತಿಂಗಳಿಗೆ ಸಿದ್ದರಾಮ ಹುಟ್ಟಿದ. ಅವನಿಗೆ ಏಳು ತಿಂಗಳಾದಾಗ ನಮ್ಮಿಬ್ಬರ ವೀಸಾ ಬಂತು. ಅರಳಗುಪ್ಪೆಯ ಮನೆಯಲ್ಲಿ ನಮ್ಮತ್ತೆ ಶಿವರುದ್ರಮ್ಮ ಆ ಕಾಗದವನ್ನು ಮುಟ್ಟಲೂ ಇಲ್ಲ.

ನನ್ನ ಗಂಡನ ಮನೆಯಲ್ಲಿ ಒಂದು ಪದ್ಧತಿ. ಕೂಸು ಹುಟ್ಟಿದ ದಿನ ಹಿತ್ತಲ ಮರದಿಂದ ಒಂದು ಕಾಯಿ ಕೀಳಿಸಿ, ಸಿಪ್ಪೆ ಸಮೇತ ಅಟ್ಟದ ಮೇಲೆ ಇಡುತ್ತಾರೆ. ನಮ್ಮ ಕಡೆ ಕೊಬ್ಬರಿಗೆ ಇಡುವ ಕಾಯಿ ಹನ್ನೊಂದು ಹನ್ನೆರಡು ತಿಂಗಳು ಅಟ್ಟದಲ್ಲೇ ಕೂತು, ಒಳಗಿನ ನೀರು ತಾನಾಗಿ ಆರಿ, ಕೊಬ್ಬರಿ ಉಂಡೆಕಟ್ಟಿ ಲೊಟಲೊಟ ಅನ್ನುತ್ತದೆ. ಕೂಸೂ ಹಾಗೆಯೇ ಅಂತೆ. ನೀರು ಆರುವವರೆಗೆ ಅದರ ಜೀವ ಅರ್ಧ ಮೈಯಲ್ಲಿ, ಅರ್ಧ ಕಾಯಿಯಲ್ಲಿ. ಕಾಯಿ ಲೊಟಗುಟ್ಟಿದ ದಿನ ಕೂಸಿನ ಕೈ ಮುಟ್ಟಿಸಿ ಒಡೆದು, ಬೆಲ್ಲದ ಜೊತೆ ಊರಿಗೆಲ್ಲ ಹಂಚುತ್ತಾರೆ. ಅಲ್ಲಿಯವರೆಗೆ ಅದನ್ನು ಯಾರೂ ಅಲ್ಲಾಡಿಸುವ ಹಾಗಿಲ್ಲ. ಕಾಯಿಯನ್ನು ಬಿಟ್ಟು ಕೂಸನ್ನು ಹೊಳೆ ದಾಟಿಸುವ ಹಾಗೂ ಇಲ್ಲ.

ಬಿ.ಎಸ್ಸಿ. ಓದಿದ್ದ ನನಗೆ ಇದೆಲ್ಲ ಅಜ್ಜಿ ಕಥೆ. ಹೊರಡುವ ಹಿಂದಿನ ದಿನ ಅತ್ತೆ ಕಾಯಿ ಇಳಿಸಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ತಂದರು.

"ಹೊಳೆ ದಾಟ್ಸೋದುಕ್ಕೇ ನಾವು ಹೆದರ್ತೀವಿ, ನೀನು ಸಮುದ್ರನೇ ದಾಟ್ಸ್ತೀಯ. ಬ್ಯಾಡ ಅನ್ನಾಕೆ ನಾನ್ಯಾರು, ಗಂಡನತ್ರ ಹೋಗೋಳು ನೀನು. ಇದು ಮಾತ್ರ ಕೂಸಿನ ಜತೇಲೇ ಇರ್ಲಿ ಕಣವ್ವ. ಅಲ್ಲಾಡಿಸ್ಬ್ಯಾಡ."

"ಆಯ್ತು ಅತ್ತೆ" ಎಂದೆ. ಮನಸ್ಸಿನಲ್ಲಿ ಹಲ್ಲು ಕಡಿದೆ.

ವಿಮಾನದಲ್ಲಿ ಇಪ್ಪತ್ತು ಕೆಜಿ ಮೀರಿದರೆ ಬಿಡುವುದಿಲ್ಲ ಎಂದು ಯಜಮಾನರು ಎರಡೆರಡು ಸಲ ಬರೆದಿದ್ದರು. ರಾಗಿಹಿಟ್ಟು, ಚಟ್ನಿಪುಡಿ, ಮಗುವಿನ ಬಟ್ಟೆಬರೆ, ಆ ಕಾಯಿ ಎಲ್ಲ ತುಂಬಿ ಚೀಲವನ್ನು ಕೊಬ್ಬರಿ ತೂಗುವ ತಕ್ಕಡಿಗೆ ಹಾಕಿದರೆ ಮುಕ್ಕಾಲು ಕೆಜಿ ಹೆಚ್ಚು. ರಾಗಿಹಿಟ್ಟು ತೆಗೆಯಲು ಮನಸ್ಸು ಬರಲಿಲ್ಲ. ಕಾಯಿಯನ್ನೇ ಬಿಟ್ಟುಹೋಗೋಣವೆಂದರೆ ಅತ್ತೆ ಸ್ಟೇಷನ್ನಿಗೂ ಬಂದು ಚೀಲ ಮುಟ್ಟಿ ನೋಡುವವರು. ಕಾಯಿ ಅಂದರೆ ಕಾಯಿ, ಯಾವುದಾದರೇನು ಎಂದುಕೊಂಡು, ಬೆಳಿಗ್ಗೆ ಅತ್ತೆ ಹಾಲು ಕರೆಯಲು ಹೋದಾಗ ಅಟ್ಟ ಹತ್ತಿದೆ.

ಅಟ್ಟದ ತುಂಬ ಹಿಂದಿನ ವರ್ಷ ಕಿತ್ತ ಕಾಯಿ, ಹನ್ನೆರಡು ಸಾವಿರ. ಅದರಲ್ಲಿ ಹಗುರವಾದದ್ದನ್ನು ಹುಡುಕುತ್ತಿದ್ದಾಗ ಗೋಡೆಯ ಗೂಡಿನಲ್ಲಿ ಒಂಟಿಯಾಗಿ ಕೂತಿದ್ದ ಒಂದು ಕಾಯಿ ಕಂಡಿತು. ಸಿಪ್ಪೆ ಮುರುಟಿ ಕಪ್ಪಾಗಿತ್ತು. ಎತ್ತಿದರೆ ಕೈಗೆ ತೂಕವೇ ತಿಳಿಯಲಿಲ್ಲ. ಇದೇ ಸರಿ ಎಂದು ಅದನ್ನು ಸೀರೆ ತುಂಡಿನಲ್ಲಿ ಸುತ್ತಿ, ನನ್ನ ಮಗನ ಕಾಯಿಯನ್ನು ರಾಶಿಗೆ ಎಸೆದೆ. ಅದು ಉರುಳಿಕೊಂಡು ಎಲ್ಲಿಗೆ ಹೋಯಿತೋ, ತಿರುಗಿ ಕೂಡ ನೋಡಲಿಲ್ಲ.

ತಿಪಟೂರಿನಲ್ಲಿ ರೈಲು ಹತ್ತಿದ ಗಳಿಗೆಯಿಂದ ಸಿದ್ದರಾಮ ಅಳಲು ಹಿಡಿದ. ಅಪ್ಪ ಬೊಂಬಾಯಿಯವರೆಗೆ ಬಂದಿದ್ದರು. ಮೀರಜ್‌ನಲ್ಲಿ ಗಾಡಿ ಬದಲಿಸುವಾಗ ಇಬ್ಬರೂ ಸಾಕುಸಾಕಾಗಿದ್ದೆವು. ವಿಮಾನದಲ್ಲೂ ಅದೇ ಅಳು, ಅಕ್ಕಪಕ್ಕದವರ ಮುಖವೆಲ್ಲ ಗಂಟು. ಕಿಟಕಿಯಲ್ಲಿ ದಡದ ಬಿಳಿ ಗೆರೆ ಹಿಂದೆ ಸರಿದು ಕೆಳಗೆ ಬರೀ ನೀರಾಯಿತು. ನಲ್ಲಿ ತಿರುಗಿಸಿದ ಹಾಗೆ ಅಳು ನಿಂತಿತು.

ಅತ್ತ ಮಕ್ಕಳು ಸುಮ್ಮನಾಗುವಾಗ ಬಿಕ್ಕುತ್ತವೆ. ಇವನು ಬಿಕ್ಕಲಿಲ್ಲ. ತಲೆ ಎತ್ತಿ ನನ್ನ ಮುಖವನ್ನು ಹಣೆಯಿಂದ ಗಲ್ಲದವರೆಗೆ ನೋಡಿದ, ಇವಳು ಯಾರು ಅನ್ನುವಂತೆ. ಸದ್ಯ ಸುಮ್ಮನಾದನಲ್ಲ ಎಂದು ನಾನು ಕಣ್ಣು ಮುಚ್ಚಿದೆ.

"ಎಷ್ಟು ಜಾಣ ಕಣೇ ನಮ್ಮ ಮಗ, ಅಳೋದೇ ಇಲ್ವಲ್ಲ" ಎಂದು ಯಜಮಾನರು ಮೊದಲ ವಾರವೆಲ್ಲ ಎತ್ತಿ ಆಡಿಸಿದರು. ಎರಡನೆಯ ವಾರ ಆ ಮಾತು ನಿಂತಿತು. ಸೂಜಿ ಚುಚ್ಚಿಸಿದರೂ ಅಳಲಿಲ್ಲ. ಒಂದು ದಿನ ನಾನು ಬಟ್ಟೆ ಮಡಿಸುತ್ತಿದ್ದಾಗ ಇಸ್ತ್ರಿ ಪೆಟ್ಟಿಗೆಗೆ ಬೆರಳು ತಾಗಿಸಿಕೊಂಡು ಬೊಬ್ಬೆ ಎದ್ದಿತ್ತು. ಕೂಸು ತನ್ನ ಬೆರಳನ್ನು ಬೇರೆ ಯಾರದೋ ಎನ್ನುವ ಹಾಗೆ ನೋಡುತ್ತ ಕೂತಿತ್ತು. ಅವತ್ತು ಅತ್ತವಳು ನಾನು.

ಮಲಗುವಾಗ ಎಡಗಿವಿಯ ತುದಿ ಹಿಡಿದುಕೊಳ್ಳುವ ಚಾಳಿ ಹೊಸದಾಗಿ ಬಂದಿತ್ತು. ಎಲ್ಲಿ ಮಲಗಿಸಿದರೂ ಕಾಯಿ ಇಟ್ಟಿದ್ದ ಬೀರುವಿನ ಕಡೆಗೇ ಹೊರಳುತ್ತಿದ್ದ. ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾರದ್ದು ಇನ್ನೊಂದು: ಕೂಸು ಹಗುರವಾಗುತ್ತಿತ್ತು. ಹಾಲು ಕೊಟ್ಟರೆ ಕುಡಿಯುತ್ತಿತ್ತು, ರಾಗಿ ಸರಿ ತಿನ್ನಿಸಿದರೆ ತಿನ್ನುತ್ತಿತ್ತು. ಆದರೂ ದಿನ ಬೆಳಿಗ್ಗೆ ಎತ್ತಿಕೊಂಡಾಗ ನಿನ್ನೆಗಿಂತ ಕಡಿಮೆ. ಮಲೆಯಾಳಿ ಡಾಕ್ಟರು ಮೂರು ವಾರ ತೂಗಿದರು, ಮೂರು ವಾರವೂ ಮುಳ್ಳು ಇಳಿದಿತ್ತು. ರಕ್ತ, ಎದೆ, ಹೊಟ್ಟೆ ಎಲ್ಲ ಸರಿಯಾಗಿದೆ ಎಂದರು. ನನಗೆ ತೂಕದ ಯಂತ್ರವೇ ಬೇಕಿರಲಿಲ್ಲ. ಇಂಥ ಹಗುರ ನನ್ನ ಕೈ ಒಮ್ಮೆ ಕಂಡಿತ್ತು, ಅರಳಗುಪ್ಪೆಯ ಅಟ್ಟದಲ್ಲಿ.

ಆರನೆಯ ವಾರ, ಒಂದು ಶುಕ್ರವಾರ ಮಧ್ಯಾಹ್ನ, ಏನೋ ಹುಡುಕುತ್ತ ಯಜಮಾನರು ಬೀರು ತೆಗೆದರು. ಕಾಯಿ ಕೈಗೆ ಬಂತು. ನಮ್ಮ ಕಡೆಯವರ ಕೈ ಕೇಳಬೇಕೆ, ತಾನಾಗಿ ಕಿವಿಯ ಹತ್ತಿರ ಹೋಗಿ ಅಲ್ಲಾಡಿಸಿತು.

ಲೊಟ, ಲೊಟ, ಲೊಟ.

ಚಾಪೆಯ ಮೇಲಿದ್ದ ಕೂಸು ಕಿಲಕಿಲ ನಕ್ಕಿತು. ಆರು ವಾರದಲ್ಲಿ ಅದು ಮಾಡಿದ ಮೊದಲ ಸದ್ದು. ಸಿದ್ದರಾಮ ನಗುತ್ತಿದ್ದದ್ದು ಗಂಟಲಿನಿಂದ, ಕೆಮ್ಮಿನ ಹಾಗೆ. ಇದು ಸಣ್ಣ ದನಿಯ, ಎಳೆದು ಎಳೆದು ನಗುವ ನಗು. ನನ್ನ ಮಗನ ಬಾಯಿಂದ ಬಂದರೂ ನನ್ನ ಮಗನದಲ್ಲ.

"ಏನೇ ಇದು, ಏಳು ತಿಂಗಳ ಕಾಯಿ ಅಂದ್ಯಲ್ಲ. ಇದು ಒಣಗಿ ಎಷ್ಟು ವರ್ಷ ಆಗೈತೋ" ಎಂದರು ಯಜಮಾನರು.

"ಅತ್ತೆ ತಪ್ಪಿ ಕೊಟ್ಟಿರಬೇಕು ಕಣ್ರೀ" ಎಂದೆ. ಕೂಸು ಕಣ್ಣೆದುರಿಗೆ ಕರಗುತ್ತಿದೆ, ಆಗಲೂ ಆ ಸುಳ್ಳು ಹೇಳಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮರುದಿನ ಶನಿವಾರ. ಅತ್ತೆ ಸಂತೆಗೆ ಬಂದವರು ಅಪ್ಪನ ಮಂಡಿಯಲ್ಲಿ ಕೂತು ಹೋಗುವುದು ವಾಡಿಕೆ. ಅಲ್ಲಿಗೆ ಟ್ರಂಕ್ ಕಾಲ್ ಹಾಕಿಸಿದೆವು. ಎರಡು ಗಂಟೆ ಕಾದ ಮೇಲೆ ಅತ್ತೆಯ ದನಿ ಬಾವಿಯೊಳಗಿಂದ ಬಂದ ಹಾಗೆ ಬಂತು.

"ಕೂಸು ಹೆಂಗೈತೆ?"

"ಅಳೋದೇ ಇಲ್ಲ ಅತ್ತೆ. ದಿನಾ ತೂಕ ಇಳೀತಿದೆ. ಕಿವಿ ಹಿಡ್ಕೊಂಡು ಮಲಗ್ತಾನೆ, ಅದು ಮುಂಚೆ ಇರಲಿಲ್ಲ."

ಆ ಕಡೆ ಬರೀ ಗರಗರ. ಆಮೇಲೆ ನಿಧಾನವಾಗಿ, "ಯಾವ ಕಿವಿ?"

"ಎಡಗಿವಿ."

"ದ್ರಾಕ್ಷಾಯಣಿ, ಗೂಡಿನಾಗೆ ಒಂದು ಕಾಯಿತ್ತು. ನೀನು ಹೋದ ಮ್ಯಾಕೆ ಕಾಣಾಕಿಲ್ಲ. ಇಲಿ ಉರುಳಿಸ್ತೇನೋ ಅಂದ್ಕಂಡಿದ್ದೆ. ನಿಜ ಹೇಳು."

ಆಗ ಹೇಳಿದೆ. ಹಗುರ ಅಂತ ಅದನ್ನು ತಂದದ್ದು, ಸಿದ್ದರಾಮನ ಕಾಯಿಯನ್ನು ರಾಶಿಗೆ ಎಸೆದದ್ದು, ಎಲ್ಲ. ಬೈಗುಳಕ್ಕೆ ಕಾದೆ. ಬರಲಿಲ್ಲ.

"ಅದು ಹೊನ್ನೀದು" ಎಂದರು ಅತ್ತೆ.

ಹೊನ್ನಮ್ಮ ಅತ್ತೆಯ ಚೊಚ್ಚಲ ಮಗಳು. ಯಜಮಾನರು ಹುಟ್ಟುವುದಕ್ಕೆ ಮುಂಚೆ, ಏಳು ತಿಂಗಳ ಕೂಸಾಗಿದ್ದಾಗಲೇ ಜ್ವರದಲ್ಲಿ ಹೋದವಳು. ಅವಳ ಕಾಯಿಯನ್ನು ಅವಳ ಜೊತೆಗೇ ಮಣ್ಣಿಗೆ ಇಡಬೇಕಿತ್ತು. ಎಲ್ಲರೂ ಹೇಳಿದರೂ ಅತ್ತೆಗೆ ಕೈ ಬರಲಿಲ್ಲವಂತೆ. ಮೂವತ್ನಾಲ್ಕು ವರ್ಷ ಗೂಡಿನಲ್ಲಿ ಇಟ್ಟಿದ್ದರು. ಅವಳೂ ಎಡಗಿವಿ ಹಿಡಿದುಕೊಂಡೇ ಮಲಗುತ್ತಿದ್ದಳು.

"ಅತ್ತೆ, ಸಿದ್ದರಾಮನ ಕಾಯಿ ಹುಡುಕಿಸಿ. ಕಾಲಿಗೆ ಬೀಳ್ತೀನಿ."

"ಅಟ್ಟದ ಕಾಯಿ ಇಳಿಸಾಕೆ ಆಳುಗಳು ಹತ್ತವ್ರೆ ಕಣವ್ವ. ಕಾಯಿ ಸುಲಿಯೋ ಹುಚ್ಚರಂಗಯ್ಯ ಹೊತ್ತಾರೆಯಿಂದ ಸುಲೀತಾವ್ನೆ, ಅತ್ಲಾಗೆ ಒಡೀತಾವ್ರೆ" ಎಂದರು ಅತ್ತೆ. ಫೋನು ಮೇಜಿನ ಮೇಲೆ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅಪ್ಪನ ದನಿ ಬಂತು. "ಏನಮ್ಮ ಅಂದೆ ನಿಮ್ಮತ್ತೆಗೆ? ಸಂತೆ ಚೀಲ, ಚಪ್ಪಲಿ ಎಲ್ಲ ಇಲ್ಲೇ ಬಿಟ್ಟು ಓಡಿದ್ರಲ್ಲ."

ಆ ಸಂಜೆ ನಾನು ಕೂಸನ್ನು ಕೆಳಗಿಳಿಸಲಿಲ್ಲ. ಹನ್ನೆರಡು ಸಾವಿರ ಕಾಯಿಯಲ್ಲಿ ಒಂದು. ಗುರುತಿಗೆ ಇದ್ದದ್ದು ಒಂದೇ: ಅಟ್ಟದ ಕಾಯಿಯೆಲ್ಲ ಒಣಗಿ ಲೊಟಗುಟ್ಟುತ್ತದೆ, ಸಿದ್ದರಾಮನದರಲ್ಲಿ ಮಾತ್ರ ಇನ್ನೂ ನೀರಿರಬೇಕು. ಒಡೆದು ಹೋಗಿದ್ದರೆ ಎಂಬ ಮಾತನ್ನು ಯಜಮಾನರೂ ಆಡಲಿಲ್ಲ, ನಾನೂ ಆಡಲಿಲ್ಲ. ಅವರಿಗೂ ಈಗ ಎಲ್ಲ ಗೊತ್ತಾಗಿತ್ತು. ಬೀರುವಿನ ಮುಂದೆ ಹೋಗಿ ನಿಂತುಬಿಟ್ಟರು. ಒಳಗಿದ್ದವಳು ಅವರ ಅಕ್ಕ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ತೊಡೆಯ ಮೇಲೆ ಮಲಗಿದ್ದ ಕೂಸು, ಯಾರೋ ಹಿಡಿದು ಅಲುಗಿಸಿದ ಹಾಗೆ ಬೆಚ್ಚಿಬಿತ್ತು. ಕಿವಿಯ ಮೇಲಿದ್ದ ಕೈ ಸಡಿಲವಾಯಿತು. ಬಾಯಿ ಅಗಲವಾಗಿ ತೆರೆದು, ಉಸಿರು ಸಿಕ್ಕಿಹಾಕಿಕೊಂಡು, ಮುಖ ಕೆಂಪಾಗಿ, ಕೊನೆಗೆ ಮನೆ ಹಾರಿಹೋಗುವಂತೆ ಕಿರುಚಿತು. ನನ್ನ ಸಿದ್ದರಾಮನ ಅಳು. ಬೆರಳಿನ ಬೊಬ್ಬೆ ಆರಿ ಕಲೆಯಾಗಿತ್ತು, ಅದನ್ನು ನನ್ನ ಮೂಗಿಗೆ ಹಿಡಿದು ತೋರಿಸಿ ತೋರಿಸಿ ಅತ್ತ. ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಅಳಲಿ ಬಿಡಿ ಎಂದು ನಾನು ನಗುತ್ತ ಹೇಳಿದ್ದು ಕೇಳಿ ಅವರು ಹೆದರಿಯೇ ಹೋದರು.

ಬುಧವಾರ ಮತ್ತೆ ಕಾಲ್ ಹಾಕಿಸಿದಾಗ ಅತ್ತೆ ಮಂಡಿಯಲ್ಲಿ ಕಾದಿದ್ದರು.

"ಸಿಕ್ತು ಕಣವ್ವ. ರಾತ್ರಿಯೆಲ್ಲ ನಾನೊಂದ್ಕಡೆ, ಹುಚ್ಚರಂಗಯ್ಯ ಒಂದ್ಕಡೆ ಅಲ್ಲಾಡ್ಸಿ ಅಲ್ಲಾಡ್ಸಿ ನೋಡುದ್ವಿ. ಭಾನ್ವಾರ ಹನ್ನೊಂದೂವರೇಲಿ ಅವನ ಕೈಗೆ ಬಂತು. ಒಳಗೆ ನೀರು ಗುಳುಕ್ ಅಂತಂತೆ."

ಅವರ ಹನ್ನೊಂದೂವರೆ ಅಂದರೆ ನಮ್ಮ ಹತ್ತು ಗಂಟೆ. ಯುಗಾದಿ ಹೊತ್ತಿಗೆ ಕಾಯಿ ಆರುತ್ತದೆ, ಬಂದು ಒಡೆಸಿಕೊಂಡು ಹೋಗಿ ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿದರು.

"ಅವಳು ಹತ್ರದಾಗೇ ಅವ್ಳಾ?"

"ಇದ್ದಾಳೆ ಅತ್ತೆ." ಕಾಯಿ ನನ್ನ ಮಡಿಲಲ್ಲೇ ಇತ್ತು.

"ಒಂದು ದಿನಾನೂ ಅಲ್ಲಾಡ್ಸಿ ನೋಡ್ಲಿಲ್ಲ ಕಣವ್ವ ನಾನು. ಭಯ. ಒಂದ್ಸಲ ಫೋನತ್ರ ಹಿಡಿದು ಅಲ್ಲಾಡ್ಸು."

ಅಲ್ಲಾಡಿಸಿದೆ. ನನ್ನ ಕಿವಿಗೆ ಕೇಳಿದ್ದು ಒಣಕೊಬ್ಬರಿಯ ಸದ್ದು, ಅಷ್ಟೇ. ಆ ಕಡೆ ಅತ್ತೆ ಮೆಲ್ಲಗೆ ಮಾತಾಡಲು ಶುರುಮಾಡಿದರು. ನನ್ನ ಹತ್ತಿರ ಅಲ್ಲ. "ಊಂ... ಊಂ ಕಣವ್ವ... ಗೊತ್ತು ಕಣ್ ಮಗ... ಆಯ್ತು, ಮನೆಗೆ ಬರುವಂತೆ." ನಡುನಡುವೆ ನಿಲ್ಲಿಸಿ ಕೇಳಿಸಿಕೊಂಡು, ಮತ್ತೆ ಊಂಗುಟ್ಟುತ್ತಿದ್ದರು. ನಾನು ಅಲ್ಲಾಡಿಸುವುದನ್ನು ನಿಲ್ಲಿಸಿ ಆಗಲೇ ಬಹಳ ಹೊತ್ತಾಗಿತ್ತು.

ಟೈಮಾಯಿತು ಎಂದು ಆಪರೇಟರ್ ನಡುವೆ ಬಂದಳು. ಅತ್ತೆ ಅವಸರದಲ್ಲಿ, "ದ್ರಾಕ್ಷಾಯಣಿ, ಬರೋವಾಗ ಅವಳನ್ನ ಚೀಲದಾಗೆ ಹಾಕ್ಬ್ಯಾಡ. ಎತ್ಕೊಂಡು ಬಾ. ಅವಳ ಜಾಗಕ್ಕೆ ಈಗ್ಲಾದ್ರೂ ಸೇರುಸ್ತೀನಿ" ಎಂದರು.

ಯುಗಾದಿಗೆ ಮೂರು ದಿನ ಮುಂಚೆ ಹೊರಟೆ. ಒಂದು ಕಂಕುಳಲ್ಲಿ ಸಿದ್ದರಾಮ, ಒಂದು ಕಂಕುಳಲ್ಲಿ ಅವಳು. ಮೈತುಂಬಿಕೊಂಡಿದ್ದ ನನ್ನ ಮಗ ವಿಮಾನ ಏರುತ್ತಲೇ ನಿದ್ದೆ ಹೋದ, ಕೈಕಾಲು ಚೆಲ್ಲಿ, ಬಾಯಿ ಬಿಟ್ಟುಕೊಂಡು. ಕೆಳಗೆ ಇನ್ನೂ ನೀರೇ ಇತ್ತು. ಗಗನಸಖಿ ನಮ್ಮ ಸಾಲಿನ ಹತ್ತಿರ ಬಂದು ಬಗ್ಗಿ, ಆಗಿನಿಂದ ನಿಮ್ಮ ಮಗು ಅಳುತ್ತಿದೆಯಲ್ಲ, ಹಾಲು ಬಿಸಿ ಮಾಡಿಕೊಡಲೇ ಎಂದು ಕೇಳಿದಳು.

ನಾನು ಸೆರಗನ್ನು ಕಾಯಿಯ ಮೇಲೆ ಹೊದಿಸಿ ಮೆಲ್ಲಗೆ ತಟ್ಟಿದೆ. "ಬೇಡಮ್ಮ, ಅವರಮ್ಮನ ಊರು ಹತ್ತಿರ ಬಂದರೆ ಸುಮ್ಮನಾಗುತ್ತಾಳೆ" ಎಂದೆ.