ಮುಖವಿಲ್ಲದ ಫೋಟೊ

ಬಾಗಲಕೋಟೆ ಬಸ್ಸಿನ ಮೆಟ್ಟಿಲ ಮೇಲೆ ಶೀಲಾ ಒಂದು ಕಾಲಿಟ್ಟಿದ್ದಳು. ಹಿಂದಿನಿಂದ ಯಾರೋ ಅವಳ ಚೀಲ ಹಿಡಿದು ಜಗ್ಗಿದರು.

"ಇಳಿ ಕೆಳಗ."

ಅಣ್ಣನ ಹೆಂಡತಿ ಕಸ್ತೂರಿ. ಓಡಿ ಬಂದು ಏದುಸಿರು ಬಿಡುತ್ತಿದ್ದಳು.

"ಬಿಡ್ರಿ ವೈನಿ. ಗೆಳತಿ ಮನಿಗೆ ಹೊಂಟೇನಿ, ಅಮೀನಗಡಕ್ಕ."

"ಆ ಗೆಳತಿಗೆ ಮೀಸಿ ಅದಾವೇನು?"

"ಅಕ್ಕಾರ, ಹತ್ತೋರು ಹತ್ರಿ, ಇಳಿಯೋರು ಇಳೀರಿ," ಕಂಡಕ್ಟರ್ ಕೂಗಿದ. "ಬಾಗಲದಾಗ ಪಂಚಾಯ್ತಿ ಬ್ಯಾಡ."

ಶೀಲಾ ಬಾಗಿಲ ಕಂಬಿ ಬಿಡಲಿಲ್ಲ. "ನಾ ಹೋಗಲಿಲ್ಲಂದ್ರ ಅಂವ ಮನಿಗೆ ಬರ್ತಾನ, ವೈನಿ."

ಕಸ್ತೂರಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಸ್ಸು ಹೊರಟಿತು. ಇಬ್ಬರೂ ಇಳಕಲ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತರು. ಶೀಲಾ ಫೋನ್ ಕೊಟ್ಟಳು. ಅದರಲ್ಲಿ ಅವರದೇ ಮನೆಯ ಬಾಗಿಲಿನ ಫೋಟೊ ಇತ್ತು. ಕೆಳಗೆ ಹೀಗೆ ಬರೆದಿತ್ತು: 'ಮನಿ ನೋಡೇನಿ. ಇವತ್ತ ಅಮೀನಗಡ ಸ್ಟ್ಯಾಂಡಿಗೆ ಒಬ್ಬಾಕಿನ ಬಾ. ಬರಲಿಲ್ಲಂದ್ರ ನೀ ನನಗ ಬರದದ್ದೆಲ್ಲಾ ಓಣಿಗೆ ಓದಿ ಹೇಳ್ತೇನಿ.'

ಶೀಲಾ ತಾಯಿಯ ಜೊತೆ ಮನೆಯ ಮಗ್ಗದಲ್ಲಿ ಸೀರೆ ನೇಯುತ್ತಾಳೆ. ಎರಡು ಸಲ ಮದುವೆಯ ಮಾತು ಮುರಿದ ಮೇಲೆ ಫೋನಿನಲ್ಲಿ ಒಂದು ಚಾಟ್ ರೂಮ್ ಸೇರಿದ್ದಳು. ಅಲ್ಲಿ ಯಾರೂ ನಿಜವಾದ ಹೆಸರು ಕೇಳುವುದಿಲ್ಲ. ಅಲ್ಲಿ ಸಿಕ್ಕವನು ತನ್ನನ್ನು ನಾಗಲಿಂಗ ಎಂದು ಕರೆದುಕೊಂಡಿದ್ದ. ಬಾಗಲಕೋಟೆಯಲ್ಲಿ ಎಂಜಿನಿಯರ್ ಎಂದಿದ್ದ.

"ನಾ ಹೆಸರು ಹೇಳಿಲ್ಲ. ಮುಖ ತೋರಿಸಿಲ್ಲ. ಓಣಿ ಹೇಳಿಲ್ಲ. ಹೆಂಗ ಬಂದ ಅಂವ?"

"ಏನ ಕಳಿಸಿದ್ದಿ?"

"ಏನೂ ಇಲ್ಲ. ಸೀರಿಗೆ ಸೆರಗಿನ ಎಳಿ ಕೂಡಿಸಿದ ದಿನ ಮಗ್ಗದ ಫೋಟೊ ಒಂದು. ಭಾಳ ಚೊಲೊ ಕೂಡಿತ್ತು ವೈನಿ. ಯಾರಿಗಾರ ತೋರಸಬೇಕ ಅನಿಸ್ತು."

ಕಸ್ತೂರಿ ಕಣ್ಣು ಮುಚ್ಚಿ ತೆರೆದಳು. "ಮುಂಜಾನಿ ಸೀರಿ ಅಂಗಡಿ ಅಂದಪ್ಪ ಕಾಕಾ ನಿಮ್ಮವ್ವಗ ಫೋನ್ ಮಾಡಿದ್ದ. ಗಿರಾಕಿ ಒಬ್ಬ ಬಂದು ಫೋಟೊ ತೋರಿಸಿ, ಇಂಥಾದ್ದ ಸೀರಿ ಬೇಕು, ನೇದವರ ಮನಿ ಎಲ್ಲಿ ಅಂದನಂತ. ಕಾಕಾ ಖುಷೀಲಿ ಮನಿ ಹೇಳಿ ಕಳಿಸ್ಯಾನ. ಮಗ್ಗದ ಮ್ಯಾಲಿನ ಸೀರಿ ಫೋಟೊ ಅವಂಗ ಹೆಂಗ ಸಿಕ್ತು ಅಂತ ನಾ ವಿಚಾರ ಮಾಡೂದ್ರಾಗ ನೀ ಚೀಲ ಹಿಡದ ಹೊಂಟಿದ್ದಿ."

ಸೆರಗನ್ನು ಹಾಗೆ ಎಳೆಗೆ ಎಳೆ ಕೂಡಿಸುವುದು ಇಳಕಲ್ ಸೀರೆಯ ಗುರುತು; ಇಳಕಲ್ಲಿನಲ್ಲಿ ನೇಕಾರರಿಗೆ ನೂಲು ಕೊಡುವವನು ಅಂಗಡಿಯವನೇ. ಯಾವ ಬಣ್ಣದ ನೂಲು ಯಾವ ಮನೆಗೆ ಹೋಯಿತು ಎಂಬುದು ಅವನಿಗೆ ಬಾಯಿಪಾಠ. ಶೀಲಾ ಮುಖ ಮುಚ್ಚಿಟ್ಟಿದ್ದಳು. ಮನೆಯ ದಾರಿಯನ್ನು ಮಾತ್ರ ತಾನೇ ತೋರಿಸಿಕೊಟ್ಟಿದ್ದಳು.

ಆದರೂ ಅವಳ ಮನಸ್ಸು ಒಪ್ಪಲಿಲ್ಲ. "ಕೆಟ್ಟಾಂವ ಅಂತ ಹೆಂಗ ಹೇಳ್ತೀರಿ? ಇಷ್ಟ ಹುಡಿಕ್ಯಾಡಿ ಬಂದಾನ. ನೀವೂ ಅಣ್ಣನ್ನ ಅಂಥಾ ಚಾಟ್ ರೂಮಿನ್ಯಾಗ ಹಿಡದೋರು."

"ಹಿಡದೇನಿ, ಖರೆ. ನಿಮ್ಮಣ್ಣ ಮೊದಲ ಸಲ ಬಾದಾಮಿ ಸ್ಟ್ಯಾಂಡಿಗೆ ಬಂದಾಗ ಬಗಲಾಗ ಯಾರಿದ್ರು ಗೊತ್ತನ? ನಿಮ್ಮವ್ವ. ಚಾ ಬರೂಕಿಂತ ಮೊದಲ 'ರೊಟ್ಟಿ ಬಡಿಯಾಕ ಬರ್ತೈತೇನ' ಅಂತ ಕೇಳಿದ್ರು. ಬೇಕಾದಾಂವ ಹಂಗ ಬರ್ತಾನ. 'ಒಬ್ಬಾಕಿನ ಬಾ' ಅನ್ನೂದಿಲ್ಲ. ಈ ನಾಗಲಿಂಗ ಒಮ್ಮೆರ ವಿಡಿಯೊ ಕಾಲ್ ಮಾಡ್ಯಾನ?"

"ಕ್ಯಾಮೆರಾ ಕೆಟ್ಟೈತಿ ಅಂದ."

"ಬಾಗಲದ ಫೋಟೊ ಯಾವುದರಾಗ ತಗದ ಮತ್ತ?"

ಶೀಲಾ ಫೋಟೊ ನೋಡಿದಳು. ಬಾಗಿಲಿನ ಒಂದೊಂದು ಬಿರುಕೂ ಸ್ಪಷ್ಟವಾಗಿತ್ತು. ಬೆಂಚಿನಿಂದ ಎದ್ದಳು. "ಮನಿಗೆ ನಡೀರಿ," ಎಂದಳು.

ಮನೆಯಲ್ಲಿ ತಾಯಿ ಶಿವಬಸವ್ವ ಎಲ್ಲ ಕೇಳಿ, ಮಗ್ಗ ಬಿಟ್ಟು ಎದ್ದು ಬಂದಳು. "ಆ ಫೋನ್ ಒಲಿಗೆ ಹಾಕ!"

"ಬ್ಯಾಡ್ರಿ ಅತ್ತಿ. ಅವನ ಅಂಜಿಕಿ ಮಾತೆಲ್ಲಾ ಅದರಾಗ ಅದಾವ. ಸ್ಕ್ರೀನ್‌ಶಾಟ್ ತಗದೇನಿ. ಠಾಣೆಗೆ ಹೋಗಿ ತೋರಸೂಣು."

"ಠಾಣೆಗೆ? ಓಣಿ ಮಂದಿ ಏನಂದಾರು?"

"ಮಂದಿಗೆ ಅಂಜಿನ ಈಕಿ ಬಸ್ ಹತ್ತಿದ್ದು. ನೀವು ಬೈತೀರಿ ಅಂತ ಅಂಜಿ."

ಶಿವಬಸವ್ವ ಮಗಳ ಕಡೆ ತಿರುಗಿದಳು. "ಓಣಿಗೆ ಓದೂವಂಥಾದ್ದು ಏನ ಬರದೀ?"

"ಒಬ್ಬಾಕಿಗೆ ಬ್ಯಾಸರಾಗತೈತಿ ಅಂತ. ಮದುವಿ ಆಗಬೇಕಂತ." ಶೀಲಾ ನೆಲ ನೋಡಿದಳು. "ನೀ ಮಾಡೂ ಸಾರು ಸಪ್ಪಗಂತ."

 ತಾಯಿ ಸೆರಗು ಸರಿಪಡಿಸಿಕೊಂಡಳು. "ಓದ್ಲಿ ಬಿಡು. ಚಪ್ಪಲಿ ಹಾಕ್ಕೊ, ಠಾಣೆಗೆ ಹೋಗೂಣು." ಬಾಗಿಲಲ್ಲಿ ನಿಂತು ಸೊಸೆಯನ್ನು ಕೇಳಿದಳು, "ಆ ಹಾಳ ರೂಮು ಇನ್ನ ಯಾರಿಗೆ ಬೇಕವಾ?"

"ಹೆಸರಿಲ್ಲದ ರೂಮು ಯಾರಿಗೂ ಬ್ಯಾಡ. ನಾನೂ ನಿಮ್ಮ ಮಗನೂ ಇದ್ದ ರೂಮಿನ್ಯಾಗ ಎಲ್ಲಾ ನಮ್ಮ ಕಾಲೇಜಿನವರ. ಒಬ್ಬರ ಗುರುತು ಒಬ್ಬರಿಗಿತ್ತು. ಈಗ ಹುಡುಗ ಯಾರು, ಮುದುಕ ಯಾರು, ಮಾತಾಡೂ ಮಷೀನ್ ಯಾವುದು, ತಿಳಿಯೂದಿಲ್ಲ. ಆದ್ರ ಅತ್ತಿ, ಜೋಡಿ ಹುಡುಕೂದು ತಪ್ಪಲ್ಲ. ಮನಿಯಾಗ ಹೇಳಿ ಹುಡುಕಲಿ."

ಆಗ ಫೋನ್ ರಿಂಗಣಿಸಿತು. ನಾಗಲಿಂಗನದೇ ಕರೆ.

ಮಹಿಳಾ ಸಂಘದಲ್ಲಿ ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಶೀಲಾ ಆ ಫೋನ್ ಎತ್ತುವ ಮುಂಚೆ ನಿಮ್ಮ ಹತ್ತಿರ ಒಂದು ಮಾತು. ಯಾರು ಯಾರೆಂದು ಗೊತ್ತಿಲ್ಲದ ಚಾಟ್ ರೂಮಿನಲ್ಲಿ ಸಂಗಾತಿಯನ್ನು ಹುಡುಕಬೇಡಿ. ಮುಖ ಇಲ್ಲದ ಫೋಟೊ ಕೂಡ ಮಾತಾಡುತ್ತದೆ; ನಿಮ್ಮ ಮಗ್ಗ, ನಿಮ್ಮ ಬಾಗಿಲು, ಮಗುವಿನ ಸಮವಸ್ತ್ರ ನಿಮ್ಮ ಊರು ಮನೆ ಹೇಳಿಬಿಡುತ್ತವೆ. ವಿಡಿಯೊದಲ್ಲಿ ಮುಖ ತೋರಿಸದವರನ್ನು ನಂಬಬೇಡಿ. ಭೇಟಿಯಾಗುವುದೇ ಆದರೆ ಹಗಲಿನಲ್ಲಿ, ಜನ ಇರುವಲ್ಲಿ, ಮನೆಯವರೊಬ್ಬರ ಜೊತೆ ಹೋಗಿ. ಯಾರಾದರೂ ಹೆದರಿಸಿದರೆ ಸಂದೇಶ ಅಳಿಸಬೇಡಿ, 112ಕ್ಕೆ ಕರೆ ಮಾಡಿ, ಠಾಣೆಗೆ ಹೋಗಿ. ತಾಯಂದಿರೇ, ಮಗಳು ಹೇಳಲು ಬಂದಾಗ ಮೊದಲು ಕೇಳಿ. ಬೈಯುವುದಿದ್ದರೆ ಆಮೇಲೆ ಬೈಯಿರಿ.

ಫೋನ್ ಇನ್ನೂ ರಿಂಗಣಿಸುತ್ತಿತ್ತು.

"ಎತ್ತು," ಎಂದಳು ಕಸ್ತೂರಿ. "ಒಂದ ಮಾತು ಹೇಳಿ ಇಟ್ಟ ಬಿಡು. ಬೈಬ್ಯಾಡ, ಅಳಬ್ಯಾಡ."

ಶೀಲಾ ಸ್ಪೀಕರ್ ಒತ್ತಿದಳು. ದನಿ ಮೆತ್ತಗಿತ್ತು. ಎಂಜಿನಿಯರ್ ಹುಡುಗನದಲ್ಲ, ವಯಸ್ಸಾದವನದು.

"ಸಿಟ್ಟಾದೇನ? ಬಸ್ ಬ್ಯಾಡ ಬಿಡು, ನಾ ಕಾರ್ ತಗೊಂಡ ಬರ್ತೇನಿ. ಹುನಗುಂದಕ್ಕರ ಬಾ. ಒಂದ ಸಲ ಬಾ ಸಾಕು, ನಿನ್ನ ಕಣ್ಣ ಮುಂದ ಎಲ್ಲಾ ಅಳಿಸಿ ಬಿಡ್ತೇನಿ. ನಿಮ್ಮವ್ವಗ ಏನೂ ಗೊತ್ತಾಗೂದಿಲ್ಲ."

ಶಿವಬಸವ್ವ ಮಗಳ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಳು.

"ಬರೂದಿಲ್ಲ," ಎಂದಳು ಶೀಲಾ.