ತಾಂಬರಂ ಮನೆಗೆ ಬೆಂಗಳೂರಿನ ಬೆಲೆ

ಚೆನ್ನೈನ ತಾಂಬರಂನಲ್ಲಿದ್ದ ಮಹಾಲಿಂಗಪ್ಪನವರು ತಮ್ಮ ಫ್ಲ್ಯಾಟ್ ಮಾರಲು ಹೊರಟು ಎಂಟು ತಿಂಗಳಾಗಿತ್ತು. ನೋಡಲು ಬಂದವರೆಲ್ಲ ಮಜ್ಜಿಗೆ ಕುಡಿದು, ದೇವರ ಮನೆಯ ಕಲ್ಲನ್ನು ಹೊಗಳಿ, ಬೆಲೆ ಕೇಳಿ ಮೆಟ್ಟಿಲಿಳಿದು ಹೋಗುತ್ತಿದ್ದರು. ಮತ್ತೆ ಒಬ್ಬರೂ ಫೋನ್ ಮಾಡುತ್ತಿರಲಿಲ್ಲ.

ಹೆಂಡತಿ ಕಲ್ಯಾಣಮ್ಮನಿಗೆ ವಾರಕ್ಕೆ ಮೂರು ಸಲ ಕೀಲ್ಪಾಕಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಎರಡನೇ ಮಹಡಿಯಿಂದ ಇಳಿದು, ಲೋಕಲ್ ರೈಲು ಹಿಡಿದು, ಆಟೊ ಹತ್ತಿ ಹೋಗಬೇಕು. ಬರುವಾಗ ಕಾಲು ಎತ್ತಿಡಲೂ ಶಕ್ತಿ ಇರುತ್ತಿರಲಿಲ್ಲ. ಈ ಫ್ಲ್ಯಾಟ್ ಮಾರಿದ ಹಣದಲ್ಲಿ ಕೊಳ್ಳಲು ಆಸ್ಪತ್ರೆಯ ಹತ್ತಿರ ನೆಲಮಹಡಿಯ ಪುಟ್ಟ ಮನೆಯೊಂದು ಸಿಕ್ಕಿತ್ತು. ಅದರ ಯಜಮಾನರು ದೀಪಾವಳಿಯವರೆಗೆ ಮಾತ್ರ ಕಾಯುವುದಾಗಿ ಹೇಳಿದ್ದರು.

ಮಹಾಲಿಂಗಪ್ಪ ಹೇಳುತ್ತಿದ್ದುದು ತೊಂಬತ್ತು ಲಕ್ಷ. ಈ ಬೆಲೆ ಎಲ್ಲಿಂದ ಬಂತು ಎಂಬ ಕುತೂಹಲ ಮೇಲಿನ ಮಹಡಿಯ ಗೋದಾಬಾಯಿಗೆ. ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿದ್ದು ನಿವೃತ್ತರಾದವರು ಅವರು. ಕೇಳಿಯೇಬಿಟ್ಟರು. ಬೆಂಗಳೂರಿನಲ್ಲಿ ಭಾವಮೈದುನ ಚದರಡಿಗೆ ಎಷ್ಟರಂತೆ ಮಾರಿದನೋ ಅದೇ ದರ, ಜೊತೆಗೆ ದೇವರ ಮನೆಗೆ ಇಳಕಲ್‌ನಿಂದ ತರಿಸಿದ ಕಲ್ಲಿನ ಖರ್ಚು ಎಂದು ಮಹಾಲಿಂಗಪ್ಪ ಹೆಮ್ಮೆಯಿಂದ ವಿವರಿಸಿದರು. ಚೆನ್ನೈಗೆ ಬಂದ ನಮ್ಮವರಿಗೆ ಇದೊಂದು ಚಾಳಿ. ಇರುವುದು ಇಲ್ಲಿ, ಅಳೆಯುವುದು ಅಲ್ಲಿನ ಸೇರಿನಲ್ಲಿ.

"ನಿಮ್ಮ ಮನೆ ಕೊಳ್ಳೋರು ಬೆಂಗಳೂರಿನ ರೇಟು ನೋಡಲ್ಲ ಮಹಾಲಿಂಗಪ್ಪನೋರೆ, ಪಕ್ಕದ ಬೀದಿ ರೇಟು ನೋಡ್ತಾರೆ," ಎಂದರು ಗೋದಾಬಾಯಿ. "ಒಂದು ಭಾನುವಾರ ನೀವೇ ಕೊಳ್ಳೋರಾಗಿ ಹೋಗಿ ಬನ್ನಿ."

ಮಹಾಲಿಂಗಪ್ಪನವರಿಗೆ ನಂಬಿಕೆ ಬರಲಿಲ್ಲ, ಆದರೆ ಕುತೂಹಲ ಸುಮ್ಮನಿರಗೊಡಲಿಲ್ಲ. ಹತ್ತಿರದಲ್ಲೇ ಮಾರಾಟಕ್ಕಿದ್ದ ಮೂರು ಫ್ಲ್ಯಾಟ್ ನೋಡಿ ಬಂದರು. ಮಳೆಗಾಲದಲ್ಲಿ ಬೀದಿಯಲ್ಲಿ ನೀರು ನಿಲ್ಲುತ್ತದೆಯೇ, ಬೇಸಿಗೆಯಲ್ಲಿ ಲಾರಿ ನೀರೇ ಗತಿಯೇ, ಕಟ್ಟಡದ ಜಾಗದಲ್ಲಿ ಫ್ಲ್ಯಾಟಿಗೆ ಬರುವ ಪಾಲು ಎಷ್ಟು ಎಂದು ತಾವೇ ಕೇಳಿದರು. ಒಂದು ಕಡೆ ದೇವರ ಮನೆಗೆ ಇನ್ನೂ ಚೆಂದದ ಕಲ್ಲು ಹಾಕಿದ್ದರು. ಅದಕ್ಕೆಂದು ಒಂದು ರೂಪಾಯಿ ಹೆಚ್ಚು ಕೊಡಲು ಅವರಿಗೇ ಮನಸ್ಸು ಬರಲಿಲ್ಲ. ಲಿಫ್ಟ್ ಇದ್ದ ಮನೆಗೆ ಎಪ್ಪತ್ತೈದು ಲಕ್ಷ ಹೇಳಿದರು. ಇವರ ಕಟ್ಟಡದಲ್ಲಿ ಲಿಫ್ಟೇ ಇಲ್ಲ.

ಹೇಳುವ ಬೆಲೆ ಬೇರೆ, ಮಾರಿಹೋದ ಬೆಲೆ ಬೇರೆ ಎಂದ ಗೋದಾಬಾಯಿ, ಆರು ತಿಂಗಳೊಳಗೆ ಅಲ್ಲೇ ಮನೆ ಮಾರಿದ್ದ ಇಬ್ಬರನ್ನು ವಿಚಾರಿಸಿದರು. ಇಂಥವೇ ಮನೆಗಳು ಅರವತ್ತೆಂಟು ಲಕ್ಷದ ಆಸುಪಾಸಿಗೆ ಹೋಗಿದ್ದವು. ಬಹಳ ದಿನ ಮಾರದೆ ಉಳಿದ ಮನೆಯಲ್ಲಿ ಏನೋ ಐಬಿದೆ ಎಂದು ಜನ ಶಂಕಿಸುತ್ತಾರೆ ಎಂದೂ ಎಚ್ಚರಿಸಿದರು.

"ಇಪ್ಪತ್ತು ಲಕ್ಷ ಕಮ್ಮಿ ಮಾಡೋದಾ?" ಮಹಾಲಿಂಗಪ್ಪನವರ ಮುಖ ಸಣ್ಣದಾಯಿತು.

ಸೋಫಾದ ಮೇಲೆ ಮಲಗಿದ್ದ ಕಲ್ಯಾಣಮ್ಮ ಅಲ್ಲಿಂದಲೇ ಹೇಳಿದರು. "ಯಾರೂ ಕೊಡದೆ ಇರೋ ದುಡ್ಡು ಕಮ್ಮಿಯಾಗೋದು ಹೆಂಗೆ ರೀ? ಕಮ್ಮಿಯಾಗ್ತಾ ಇರೋಳು ನಾನು."

ಮಹಾಲಿಂಗಪ್ಪ ಅಂದೇ ಬೆಲೆಯನ್ನು ಎಪ್ಪತ್ತಕ್ಕೆ ಇಳಿಸಿದರು. ಮೂರನೇ ವಾರ ಚೆನ್ನೈನದೇ ಗಿಂಡಿ ಬಡಾವಣೆಯಲ್ಲಿ ಕೆಲಸ ಮಾಡುವ ದಂಪತಿ ಅರವತ್ತೆಂಟಕ್ಕೆ ಒಪ್ಪಿ ಮುಂಗಡ ಕೊಟ್ಟರು. ದೀಪಾವಳಿಗೆ ಮೊದಲೇ ಆ ನೆಲಮಹಡಿಯ ಮನೆ ಇವರದಾಯಿತು. ಈಗ ಕಲ್ಯಾಣಮ್ಮ ಆಸ್ಪತ್ರೆಯಿಂದ ಹತ್ತು ನಿಮಿಷಕ್ಕೆ ಮನೆ ಸೇರಿ ಮಲಗುತ್ತಾರೆ.

ಮನೆ ಮಾರಲು ಹೊರಟ ಅಕ್ಕಂದಿರೇ, ಅಣ್ಣಂದಿರೇ, ನೀವು ಎಷ್ಟು ಖರ್ಚು ಮಾಡಿದಿರಿ ಎಂದು ಕೊಳ್ಳುವವರು ಕೇಳುವುದಿಲ್ಲ. ನಿಮ್ಮ ಬೀದಿಯಲ್ಲಿ ಈಚೆಗೆ ಇಂಥ ಮನೆ ನಿಜವಾಗಿ ಎಷ್ಟಕ್ಕೆ ಹೋಯಿತೆಂದು ವಿಚಾರಿಸಿ, ಆಮೇಲೆ ಬೆಲೆ ಹೇಳಿ. ಒಳ್ಳೆಯ ಬೆಲೆಗೆ ಕಾಯುವುದು ತಪ್ಪಲ್ಲ. ಆದರೆ ನಿಮ್ಮ ಮನೆಯಲ್ಲಿ ಕಾಯಲಾಗದವರು ಯಾರಿದ್ದಾರೆ, ಮೊದಲು ಅವರ ಮುಖ ನೋಡಿ.